ಮೊದಲ ತುತ್ತಿನ ಅತಿಥಿ

ಈ ಕಥೆಯನ್ನು ನನಗೆ ಮೊದಲು ಹೇಳಿದವರು ನನ್ನ ಹೆಂಡತಿಯ ತಾಯಿ, ಕಾಶಿಯಮ್ಮನವರು. ಮದುವೆಯಾದ ಹೊಸದರಲ್ಲಿ ಅವರ ಮನೆಗೆ ಊಟಕ್ಕೆ ಹೋಗಿದ್ದೆ. ಎಲೆ ಹಾಕಿ, ಅನ್ನದ ತಪ್ಪಲೆಯನ್ನು ಎದುರಿಗಿಟ್ಟುಕೊಂಡು, ಸೌಟು ಕೈಯಲ್ಲಿ ಹಿಡಿದೇ ಹೇಳಿದರು. ಅಳಿಯ ಹಸಿದಿದ್ದಾನೆಂದು ಕಥೆಯನ್ನು ಆದಷ್ಟು ಚಿಕ್ಕದು ಮಾಡಿದರಂತೆ. ನಾನೂ ಹಾಗೆಯೇ ಬರೆಯುತ್ತೇನೆ.

ಹೊಳೆ ಸಮುದ್ರ ಸೇರುವ ಅಳಿವೆಯ ದಂಡೆಯಲ್ಲಿ ಒಂದು ಆಶ್ರಮ. ಸೋಗೆ ಹೊದಿಸಿದ ಗುಡಿಸಲು, ಒಂದು ಬಾವಿ, ನೀರಿಗಿಳಿಯಲು ಕಲ್ಲಿನ ಮೆಟ್ಟಿಲು. ಇಷ್ಟೆ.

ಅಲ್ಲಿದ್ದ ಗುರುಗಳ ದೀಕ್ಷೆಯ ಹೆಸರು ತಿತಿಕ್ಷಾನಂದರು. ಆ ಹೆಸರು ದಂಡೆಯ ಜನರ ನಾಲಗೆಗೆ ಹೊರಳಲಿಲ್ಲ. ಅಳಿವೆ ಅಜ್ಜ ಎಂದು ಕರೆದರು. ಗುರುಗಳಿಗೂ ಅದೇ ರೂಢಿಯಾಯಿತು.

ಮೆಟ್ಟಿಲ ಕೆಳಗೆ ಉಪ್ಪುನೀರಿನ ಅಡಿಯಲ್ಲಿ ಹುಲ್ಲು ಬೆಳೆದಿತ್ತು. ಗದ್ದೆಯ ಬದುವಿನ ಹುಲ್ಲಿನಂತೆಯೇ ಅದಕ್ಕೂ ಬೇರು, ಎಲೆ, ಹೂವು. ಎಲ್ಲವೂ ನೀರಿನೊಳಗೇ. ನೀರು ಇಳಿದ ಹೊತ್ತಿನಲ್ಲಿ ಬಿಸಿಲು ಬಿದ್ದರೆ, ಯಾರೋ ಹಸಿರು ಜಮಖಾನ ಹಾಸಿಟ್ಟು ಮರೆತು ಹೋದ ಹಾಗೆ ಕಾಣುತ್ತಿತ್ತು.

ಗುರುಗಳದು ಒಂದು ನೇಮ. ಮಧ್ಯಾಹ್ನ ಅನ್ನ ಬೆಂದ ಮೇಲೆ ಮೊದಲ ತುತ್ತನ್ನು ಬಾಳೆಲೆಯ ಚೂರಿನಲ್ಲಿಟ್ಟು ಮೆಟ್ಟಿಲಿಳಿಯುವರು. ತುತ್ತನ್ನು ನೀರಿಗೆ ಬಿಡುವರು. ಹುಲ್ಲಿನ ಎಡೆಯಿಂದ ಮರಿಮೀನುಗಳು, ಸಿಗಡಿಗಳು, ಅಡ್ಡಡ್ಡ ನಡೆಯುವ ಏಡಿಗಳು ಹೊರಟು ಬಂದು ಮುತ್ತುವವು.

ಒಂದು ಅಗುಳಾದರೂ ಹೋದದ್ದನ್ನು ಕಣ್ಣಾರೆ ಕಂಡ ಮೇಲೆ ಗುರುಗಳು ಕೈಮುಗಿಯುವರು.

"ಅತಿಥಿಯ ಊಟವಾಯಿತು" ಎನ್ನುವರು. ಆಮೇಲೆ ತಮ್ಮ ಎಲೆಯ ಮುಂದೆ ಕೂರುವರು.

ಅತಿಥಿ ಉಣ್ಣದೆ ಮನೆಯವನು ಉಣ್ಣಬಾರದು. ಅವರ ಶಾಸ್ತ್ರವೆಲ್ಲ ಅಷ್ಟೇ.

ಹೀಗಿರಲು ಬಯಲುಸೀಮೆಯಿಂದ ಚೆನ್ನವೀರನೆಂಬ ಯುವಕ ಬಂದ. ಕರಿಮಣ್ಣಿನ ರೈತರ ಮಗ. ಅವನು ಕಳೆ ತೆಗೆದ ಜೋಳದ ಹೊಲದಲ್ಲಿ ಹುಡುಕಿದರೂ ಒಂದು ಗರಿಕೆ ಸಿಗದು ಎಂದು ಅವರ ಊರಲ್ಲಿ ಮಾತು. ಆಶ್ರಮಕ್ಕೆ ಬರುವಾಗಲೂ ಕಳೆ ತೆಗೆಯುವ ಕುರ್ಪಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಬಂದಿದ್ದ.

"ಹೊಲ ಬಿಟ್ಟು ಬಂದವನಿಗೆ ಕುರ್ಪಿ ಯಾಕೆ?" ಎಂದು ಗುರುಗಳು ಕೇಳಿದರು.

"ಸೊಂಟಕ್ಕ ರೂಢಿ ಆಗೇತ್ರಿ ಅಜ್ಜಾರ. ಅದು ಇಲ್ಲದಿದ್ರ ಬಗ್ಗಾಕ ಬರೂದಿಲ್ಲ."

"ಬಂದ ಕೆಲಸ?"

"ನನ್ನ ಮನಸಿನ ತುಂಬ ಕಳೆ ಐತ್ರಿ. ಅದನ್ನ ಕೀಳೂ ವಿದ್ಯೆ ಕಲಸ್ರಿ."

ಗುರುಗಳು ಅವನ ಮುಖ ನೋಡಿ ನಕ್ಕರು.

"ಮೊದಲು ಮೆಟ್ಟಿಲು ಗುಡಿಸು" ಎಂದರು.

ಚೆನ್ನವೀರ ಗುಡಿಸಿದ. ಬೆಳಿಗ್ಗೆ ಗುಡಿಸಿದ, ಸಂಜೆ ಗುಡಿಸಿದ. ಪಾಚಿ ಕಟ್ಟಿದಲ್ಲಿ ತೆಂಗಿನ ಸಿಪ್ಪೆ ಹಾಕಿ ತಿಕ್ಕಿದ. ಇವತ್ತು ಉಪದೇಶವಾದೀತು, ನಾಳೆ ಆದೀತು ಎಂದು ಕಾದ. ಆಗಲಿಲ್ಲ.

ಒಂದು ಮುಂಜಾನೆ ಗುರುಗಳು ಸ್ನಾನ ಮುಗಿಸಿ ಮೆಟ್ಟಿಲ ಕಡೆ ತಿರುಗಿದರು. ಹುಲ್ಲು ಅವರ ಕಾಲಿಗೆ ಸುತ್ತಿಕೊಂಡಿತು. ಆಯತಪ್ಪಿ ಬಿದ್ದರು. ಮೊಣಕಾಲು ಕಲ್ಲಿಗೆ ತಾಗಿ ರಕ್ತ ಬಂತು.

ಚೆನ್ನವೀರ ಓಡಿಹೋಗಿ ಎತ್ತಿದ.

"ಈ ಹುಲ್ಲಿಗೆ ಬುದ್ಧಿ ಇಲ್ಲ ನೋಡ್ರಿ. ಗುರುವಿನ ಕಾಲು ಅನ್ನೂದೂ ತಿಳಿಯಂಗಿಲ್ಲ."

"ತಿಳಿದೇ ಹಿಡಿದಿರಬಹುದು" ಎಂದು ಗುರುಗಳು ಅದೇ ನೀರಿನಲ್ಲಿ ಗಾಯ ತೊಳೆದುಕೊಂಡರು.

ಗಾಯ ಬೇಗ ಮಾಯಿತು. ಕಲ್ಲಿನ ಮೇಲೆ ಬಿದ್ದ ರಕ್ತವನ್ನು ಮಾತ್ರ ಚೆನ್ನವೀರ ಮರೆಯಲಿಲ್ಲ.

ಕೆಲವು ದಿನಗಳ ಮೇಲೆ, ಹೊಳೆಯ ಮೇಲ್ದಂಡೆಯಲ್ಲಿದ್ದ ಹಳೆಯ ಸ್ನೇಹಿತರೊಬ್ಬರು ಹಾಸಿಗೆ ಹಿಡಿದಿದ್ದಾರೆಂದು ಗುರುಗಳಿಗೆ ಕರೆ ಬಂತು. ದೋಣಿ ಹತ್ತುವಾಗ, "ಹುಣ್ಣಿಮೆಗೆ ಬರುತ್ತೇನೆ. ಮೆಟ್ಟಿಲು ನೋಡಿಕೋ" ಎಂದರು.

ನೋಡಿಕೋ ಎಂದರೆ ಏನು? ಚೆನ್ನವೀರ ಯೋಚಿಸಿದ. ಮುದಿ ಕಾಲಿಗೆ ಮತ್ತೆ ತೊಡರು ಬರದ ಹಾಗೆ ನೋಡಿಕೊಳ್ಳುವುದೇ ಅಲ್ಲವೆ? ಉಪದೇಶಕ್ಕೆ ಕಾಯುವ ಬದಲು ಸೇವೆಯಾದರೂ ಆಗಲಿ ಎಂದುಕೊಂಡ.

ನೀರು ಇಳಿಯುವುದನ್ನು ಕಾದು, ಪಂಚೆ ಎತ್ತಿ ಕಟ್ಟಿ, ಕುರ್ಪಿ ತೆಗೆದ.

ಜೋಳದ ಸಾಲಿನಲ್ಲಿ ಕೂತ ಹಾಗೆ ಕೂತು, ಸಾಲು ಹಿಡಿದು ಕಿತ್ತ. ಒಂದು ಬೇರನ್ನೂ ಉಳಿಸಲಿಲ್ಲ. ಕಿತ್ತದ್ದನ್ನು ದಂಡೆಯ ಮೇಲೆ ಗುಪ್ಪೆ ಹಾಕಿದ. ಒಂದು ಎಲೆಗೆ ಬಾಲ ಸುತ್ತಿಕೊಂಡು ಕುದುರೆಮುಖದ ಸಣ್ಣ ಮೀನೊಂದು ಮೇಲೆ ಬಂತು. ಪಾಪ ಎನಿಸಿ ಅದನ್ನು ಬಿಡಿಸಿ ನೀರಿಗೆ ಹಾಕಿದ. ಮತ್ತೆ ಕೀಳಲು ಕೂತ.

ದಂಡೆಯ ಮೇಲೆ ಗುಲಾಬಿ ಬಂದಳು. ಮೀನುಗಾರರ ಕೇರಿಯವಳು. ದಿನಾ ಇದೇ ಹುಲ್ಲಿನಲ್ಲಿ ಕೈಬಲೆ ಆಡಿಸಿ ಮನೆಗೆ ಬೇಕಾದಷ್ಟು ಹಿಡಿದುಕೊಂಡು ಹೋಗುವವಳು.

"ಹೋಯ್ ಮರಿಸ್ವಾಮಿ! ಎಂತ ಮಾಡ್ತಿದ್ರಿ ಅಲ್ಲಿ?"

"ಕಳೆ ತಗೀಲಿಕ್ಕತ್ತೀನ್ರಿ ಯಕ್ಕಾ."

"ಕಳೆಯಾ? ಅದು ಕಳೆ ಅಂತ ಯಾರ್ ಹೇಳ್ರು ನಿಮಗೆ?"

"ಯಾರೂ ಬಿತ್ತಲಾರದ ಬೆಳದದ್ದೆಲ್ಲಾ ಕಳೆನ ಅಲ್ಲೇನ್ರಿ?"

ಗುಲಾಬಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಹಾಂಗಾರೆ ನಿಮ್ಮನ್ನ ಇಲ್ಲಿ ಬಿತ್ತಿದ್ದ್ ಯಾರ್ ಮಾರಾಯ್ರೆ?"

ಚೆನ್ನವೀರ ಇನ್ನೊಂದು ಹಿಡಿ ಕಿತ್ತು ಗುಪ್ಪೆಯ ಮೇಲೆ ಎಸೆದ. ತಲೆ ತಗ್ಗಿಸಿ ಕುರ್ಪಿ ಆಡಿಸಿದ.

"ನಮ್ಮಜ್ಜಿ ಇದ್ರ ಮೇಲೆ ಕಾಲಿಡುವ ಮುಂಚೆ ಕೈ ಮುಗಿತಿತ್ತ್" ಎಂದಳು ಗುಲಾಬಿ. "ಎಂತಕೆ ಅಂತ ನಾ ಕೇಳ್ಲಿಲ್ಲೆ. ಕೇಳ್ಬೇಕಿತ್ತ್."

"ನಾ ಗುರುಗಳ ಕಾಲಿನ ಸಲುವಾಗಿ ಮಾಡಾಕತ್ತೀನ್ರಿ."

"ಕಾಲಿಗೆ ಮಾಡಿ, ಬೇಡ ಅಂಬವ್ರ್ ಯಾರು? ಹೊಟ್ಟೆಗೆ ಎಂತ ಮಾಡ್ತ್ರಿ?"

ಇಷ್ಟು ಹೇಳಿ ಬುಟ್ಟಿ ತಲೆಗೇರಿಸಿಕೊಂಡು ಹೊರಟುಹೋದಳು.

ಹುಣ್ಣಿಮೆಗೆ ಗುರುಗಳು ಬಂದರು. ದೋಣಿಯಿಂದ ಇಳಿಯುವಾಗಲೇ ನೀರಿನ ಅಡಿ ನೋಡಿದರು. ದಂಡೆಯ ಮೇಲೆ ಒಣಗುತ್ತಿದ್ದ ಗುಪ್ಪೆಯನ್ನೂ ನೋಡಿದರು.

"ಚೆನ್ನಾಗಿ ಗುಡಿಸಿದ್ದೀಯೆ" ಎಂದರು.

ಚೆನ್ನವೀರನಿಗೆ ಎದೆ ತುಂಬಿತು. ಬಂದಂದಿನಿಂದ ಗುರುಗಳು ಆಡಿದ ಮೊದಲ ಮೆಚ್ಚುಗೆಯ ಮಾತು ಎಂದುಕೊಂಡ.

ಮಧ್ಯಾಹ್ನ ಗುರುಗಳು ಮೊದಲ ತುತ್ತು ಹಿಡಿದು ಮೆಟ್ಟಿಲಿಳಿದರು. ನೀರು ತೆಳ್ಳಗಿನ ರಾಗಿ ಗಂಜಿಯಂತಿತ್ತು. ಹಿಡಿದಿಡುವ ಬೇರು ಇಲ್ಲದೆ ಅಡಿಯ ಕೆಸರು ಪ್ರತಿ ಅಲೆಗೂ ಏಳುತ್ತಿತ್ತು. ತುತ್ತು ಮುಳುಗಿತು. ಅಗುಳು ಚೆದುರಿ ಕೆಸರಿನ ಮೇಲೆ ಕೂತಿತು.

ಯಾರೂ ಬರಲಿಲ್ಲ.

ಗುರುಗಳು ಮೆಟ್ಟಿಲ ಮೇಲೆ ಕೂತರು. ನೆರಳು ಸರಿಯಿತು. ನೀರು ಏರಿ ಕೆಳಗಿನ ಮೆಟ್ಟಿಲು ಮುಚ್ಚಿತು. ಆಗಲೂ ಯಾರೂ ಬರಲಿಲ್ಲ.

ಮೇಲೆ ಬಂದು, ಬಡಿಸದೆ ಇದ್ದ ತಮ್ಮ ಎಲೆಯನ್ನು ಮಡಚಿ ಬದಿಗಿಟ್ಟರು.

"ಊಟ, ಅಜ್ಜಾರ?"

"ಅತಿಥಿ ಬಂದಿಲ್ಲ."

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನವೀರ ತಾಳಿಕೊಳ್ಳುತ್ತಿದ್ದ.

ಮರುದಿನವೂ ಹಾಗೆಯೇ ಆಯಿತು. ಗುರುಗಳು ಬಾವಿಯ ನೀರು ಕುಡಿದು ಮಲಗಿದರು.

"ಉಪವಾಸ ಏನ್ರಿ ಅಜ್ಜಾರ?"

"ಉಪವಾಸ ಅಲ್ಲ ಮಗಾ. ಕಾಯುತ್ತಿದ್ದೇನೆ."

"ಆಚೆ ದಂಡ್ಯಾಗ ಇನ್ನೂ ಹುಲ್ಲು ಐತ್ರಿ, ಮೀನೂ ಅದಾವ. ತುತ್ತು ಅಲ್ಲೇ ಬಿಡೂಣಲ್ಲ?"

"ಅಲ್ಲಿ ಅವರು ಮನೆಯವರು. ಅತಿಥಿ ಎಂದರೆ ನಮ್ಮ ಬಾಗಿಲಿಗೆ ಬಂದವನು."

ಅದರ ಮರುದಿನ ಗುರುಗಳು ಮೆಟ್ಟಿಲಿಳಿಯುವಾಗ ಪಕ್ಕದ ಕಲ್ಲುಗೋಡೆಗೆ ಕೈ ಆನಿಸಿದರು. ಸಂಜೆಯ ಪ್ರಾರ್ಥನೆಯಲ್ಲಿ ಅವರ ದನಿ ನಡುವೆ ನಿಂತು ಮತ್ತೆ ಹೊರಟಿತು. ಒಂದು ಹೊತ್ತು ತಪ್ಪಿದರೂ ತಡೆಯುವ ದೇಹವಲ್ಲ ಅದು. ಚೆನ್ನವೀರನೂ ಉಣ್ಣದೆ ತನ್ನ ಎಲೆ ಮಡಚಿಟ್ಟ. ಗುರುವಿನ ಕಾಲು ಉಳಿಸಲು ಹೋಗಿ ಗುರುವಿನ ಪ್ರಾಣಕ್ಕೇ ಕೈ ಹಾಕಿದೆನಲ್ಲ ಎಂದು ಅವನಿಗೆ ದಿಗಿಲಾಯಿತು.

ಬೆಳಗಾಗುತ್ತಲೇ ಗುಲಾಬಿಯ ಮನೆಗೆ ಓಡಿದ.

ಒಳಗೆ ಎಳೆಗೂಸು ಅಳುತ್ತಿತ್ತು. ಗುಲಾಬಿಯ ಮಗಳು ಲೀಲಾವತಿಗೆ ಹೆರಿಗೆಯಾಗಿತ್ತು.

"ಎಂತ ಮರಿಸ್ವಾಮಿ, ಕಳೆ ಮುಗೀತಾ? ನಮ್ಮನೆ ಅಂಗಳದಲ್ಲೂ ಸ್ವಲ್ಪ ಇತ್ತ್."

"ಬಯ್ಯಿರಿ ಯಕ್ಕಾ, ಎಷ್ಟರ ಬಯ್ಯಿರಿ. ಒಂದೀಟು ಜೀವಂತ ಮರಿಮೀನು ಕೊಡ್ರಿ."

"ಬಾಣಂತಿಗೆ ಒಂದ್ ಕಾಣೆ ಮೀನು ಸಾರ್ ಮಾಡುವ ಅಂದ್ರೆ ಸಿಕ್ತಿಲ್ಲೆ. ಕೆಸರು ನೀರಲ್ಲಿ ಬಲೆ ಆಡಿಸಿ ಆಡಿಸಿ ಕೈ ಸೋತ್ತ್. ನಿಮಗೆ ಎಲ್ಲಿಂದ ತರ್ಲಿ?"

"ಅಜ್ಜಾರು ಉಂಡಿಲ್ರಿ. ಬಂದಾಗಿಂದ ಉಂಡಿಲ್ಲ."

ಗುಲಾಬಿ ಕೈಬಲೆಯನ್ನು ಹೆಗಲಿಗೆ ಹಾಕಿಕೊಂಡಳು. ಒಳಗೆ ಹೋಗಿ ಮಗಳಿಗೆ ಏನೋ ಹೇಳಿದಳು. ಮಣ್ಣಿನ ಮಡಕೆ, ಬುಟ್ಟಿ ಹಿಡಿದು, ದೋಣಿ ತಳ್ಳಿಕೊಂಡು ಆಚೆ ದಂಡೆಗೆ ಹೋದಳು. ಬಿಸಿಲೇರಿದ ಮೇಲೆ ಬಂದಳು. ಮಡಕೆಯಲ್ಲಿ ಮರಿಮೀನು, ಸಿಗಡಿ ಮಿಣಮಿಣ ಆಡುತ್ತಿದ್ದವು. ಬುಟ್ಟಿ ಬರಿದಾಗಿತ್ತು.

"ಮತ್ತ ನಿಮ್ಮ ಬಾಣಂತಿಗ್ರಿ?"

"ಅವಳಿಗೆ ನಾಳೆ ಆತ್ತ್. ಅಜ್ಜನ ಎಲೆ ಇವತ್ತು ಬೀಳ್ಲಿ. ಹೋಯ್ನಿ, ಓಡಿ."

ಚೆನ್ನವೀರ ಓಡಿದ. ಗುರುಗಳು ತುತ್ತು ಹಿಡಿದು ಬರುವ ಸ್ವಲ್ಪ ಮುಂಚೆ ಮಡಕೆಯನ್ನು ಮೆಟ್ಟಿಲ ಬಳಿ ಬಗ್ಗಿಸಿದ.

ಮೀನುಗಳು ಅತ್ತ ಹೊರಳಿದವು, ಇತ್ತ ಹೊರಳಿದವು. ಎಲ್ಲಿ ಹೊರಳಿದರೂ ಬಟ್ಟ ಬಯಲು. ತಲೆಮರೆಸಲು ಒಂದು ಎಲೆಯಿಲ್ಲ. ಬೆಳ್ಳಕ್ಕಿಯೊಂದು ಹಾರಿ ಬಂದು ನಿಂತು ಕೊಕ್ಕು ಹಾಕಿತು. ಅದರ ಹಿಂದೆ ಇನ್ನೊಂದು ಬಂತು. ಚೆನ್ನವೀರ ಕೂಗಿ, ನೀರು ಎರಚಿ ಓಡಿಸಿದ. ಉಳಿದ ಮೀನುಗಳು ಆ ಗದ್ದಲಕ್ಕೆ ಹೆದರಿ ಆಳಕ್ಕೆ ಹೊರಟುಹೋದವು.

ಗುರುಗಳು ಬರುವಾಗ ನೀರಿನ ಮೇಲೆ ಬರೀ ಉಂಗುರಗಳು.

ಚೆನ್ನವೀರ ಅವರ ಕಾಲಿಗೆ ಬಿದ್ದ. ಹೊಲದಲ್ಲಿ ಬೆಳೆ ಹೋದಾಗಲೂ ಅಳದವನು ಅತ್ತ.

"ಕರಕೊಂಡು ಬಂದಿದ್ದೆ ಅಜ್ಜಾರ. ಒಬ್ಬರೂ ನಿಲ್ಲಲಿಲ್ಲ."

ಗುರುಗಳು ಅವನ ತಲೆಯ ಮೇಲೆ ಕೈಯಿಟ್ಟರು.

"ಅತಿಥಿಯನ್ನು ಕರೆದೆ. ಕೂರಲು ಚಾಪೆ ಹಾಸಿದೆಯಾ?"

ಚೆನ್ನವೀರ ತಲೆಯೆತ್ತಿದ. ದಂಡೆಯ ಮೇಲೆ ಅವನೇ ಹಾಕಿದ ಹುಲ್ಲಿನ ಗುಪ್ಪೆ ಒಣಗಿ ಕಪ್ಪಾಗಿತ್ತು. ಅವನು ಎದ್ದು, ಕುರ್ಪಿ ತೆಗೆದುಕೊಂಡು, ಗುಲಾಬಿಯ ದೋಣಿಯಲ್ಲಿ ಆಚೆ ದಂಡೆಗೆ ಹೋದ.

ಹುಲ್ಲಿನ ಮುಂದೆ ಬಗ್ಗಿದವನಿಗೆ ಕೈ ಏಳಲಿಲ್ಲ. ಮೊದಲು ಕೈಮುಗಿದ. ಇಲ್ಲೊಂದು ಹಿಡಿ, ಅಲ್ಲೊಂದು ಹಿಡಿ, ಎಲ್ಲೂ ಬೋಳಾಗದ ಹಾಗೆ, ಬೇರಿಗೆ ಅಂಟಿದ ಮಣ್ಣು ಉದುರದ ಹಾಗೆ ಎತ್ತಿದ. ಎತ್ತಿದ್ದನ್ನು ತೆಂಗಿನ ಕರಟದಲ್ಲಿಟ್ಟು, ಒಣಗದಂತೆ ನೀರು ತುಂಬಿ ತಂದ.

ಮೆಟ್ಟಿಲ ಬಳಿ ನೆಟ್ಟ. ಅಲೆಗೆ ಕಿತ್ತು ತೇಲಿತು. ಹಿಡಿದು ತಂದು ಮತ್ತೆ ನೆಟ್ಟ. ಬಿದಿರಿನ ಸೀಳನ್ನು ಬಗ್ಗಿಸಿ ಬೇರಿನ ಮೇಲೆ ಊರಿದ. ಈ ಸಲ ನಿಂತಿತು.

ದೋಣಿಯಲ್ಲಿ ಕೂತು ಗುಲಾಬಿ ನೋಡುತ್ತಿದ್ದಳು.

"ಈಗ ನೀವೇ ಬಿತ್ತಿದ್ದಾಯ್ತಲೆ ಮರಿಸ್ವಾಮಿ. ಇನ್ನ್ ಕಳೆ ಅಲ್ಲ ಅಲ್ದಾ?"

ಚೆನ್ನವೀರ ಕೆಸರು ಮುಖದಲ್ಲೇ ನಕ್ಕ. ಎಷ್ಟೋ ದಿನಕ್ಕೆ ನಕ್ಕದ್ದು.

ಮರುದಿನ ಮಧ್ಯಾಹ್ನ ಗುರುಗಳನ್ನು ಅವನೇ ಕೈಹಿಡಿದು ಮೆಟ್ಟಿಲಿಳಿಸಿದ. ಗುರುಗಳು ತುತ್ತು ಬಿಟ್ಟರು. ಇಬ್ಬರೂ ಕೂತರು.

ಬಹಳ ಹೊತ್ತಿನ ಮೇಲೆ, ಹಿಡಿಯಷ್ಟು ಹುಲ್ಲಿನ ಬುಡದಿಂದ ಒಂದು ಮೀಸೆ ಹೊರಬಂತು. ಮೀಸೆಯ ಹಿಂದೆ ಒಂದು ಸಿಗಡಿಮರಿ. ಗಾಜಿನ ಹಾಗೆ ಪಾರದರ್ಶಕ. ಒಂದು ಅಗುಳು ಹಿಡಿದು ಹಿಂದಕ್ಕೆ ಸರಿದು ಹುಲ್ಲಿನೊಳಗೆ ಸೇರಿಕೊಂಡಿತು.

ಗುರುಗಳು ಕೈಮುಗಿದರು.

"ಅತಿಥಿಯ ಊಟವಾಯಿತು."

ಚೆನ್ನವೀರ ಓಡಿಹೋಗಿ ಎಲೆ ಹಾಕಿ, ಅನ್ನ ಗುಡ್ಡೆ ಹಾಕಿ ಬಡಿಸಿದ. ಗುರುಗಳು ಒಂದು ತುತ್ತು ಉಂಡು ಎದ್ದರು.

"ಇಷ್ಟ ಏನ್ರಿ? ಇನ್ನೊಂದು ತುತ್ತು, ನನ್ನ ಸಲುವಾಗಿ."

"ಇವತ್ತು ಬಂದದ್ದು ಒಬ್ಬರೇ ಅಲ್ಲವೆ? ಪಂಕ್ತಿ ಬೆಳೆಯಲಿ. ನಾನೂ ಉಣ್ಣುತ್ತೇನೆ."

ಆ ದಿನದಿಂದ ಚೆನ್ನವೀರ ಇಳಿತ ಬಂದಾಗಲೆಲ್ಲ ನೀರಿನಲ್ಲೇ ಇರುತ್ತಿದ್ದ. ತೇಲಿಹೋದದ್ದರ ಜಾಗಕ್ಕೆ ಬೇರೆ ನೆಟ್ಟ. ಹುಲ್ಲು ನಿಂತಲ್ಲಿ ಮರಳು ನಿಂತಿತು. ಮರಳು ನಿಂತಲ್ಲಿ ನೀರು ತಿಳಿಯಾಯಿತು. ಒಂದು ಸಿಗಡಿಯ ಜೊತೆ ಇನ್ನೊಂದು ಬಂತು, ಅದರ ಹಿಂದೆ ಏಡಿ, ಏಡಿಯ ಹಿಂದೆ ಮರಿಮೀನಿನ ಹಿಂಡು. ಪಂಕ್ತಿ ಬೆಳೆದ ಹಾಗೆ ಗುರುಗಳ ಎಲೆಯಲ್ಲೂ ಅನ್ನ ಬೆಳೆಯಿತು. ಪ್ರಾರ್ಥನೆಯ ದನಿ ನಡುವೆ ನಿಲ್ಲುವುದು ತಪ್ಪಿತು.

ಒಂದು ದಿನ ಚೆನ್ನವೀರ ನೀರಿನಿಂದಲೇ ಕೂಗಿದ.

"ಅಜ್ಜಾರ, ನಾ ನೆಟ್ಟದ್ದು ಹಿಡಿಯಷ್ಟು. ಮಣ್ಣೊಳಗ ಬೇರು ಹರಕೊಂಡು ಹೋಗಿ ಈಗ ಹಾಸಿಗಿಯಷ್ಟು ಆಗೇತಿ. ಉಳದದ್ದು ಯಾರು ನೆಟ್ರು?"

"ನಿನ್ನನ್ನು ಇಲ್ಲಿ ಬಿತ್ತಿದವನು" ಎಂದರು ಗುರುಗಳು.

ಗುಲಾಬಿಯ ಮಾತು ಇವರ ಕಿವಿಗೆ ಯಾವಾಗ ಬಿತ್ತೋ ಎಂದು ಚೆನ್ನವೀರ ಬೆರಗಾದ. ಗುಲಾಬಿ ಯಾವ ಮಾತನ್ನೂ ಒಬ್ಬರಿಗೇ ಹೇಳಿ ಸುಮ್ಮನಿರುವವಳಲ್ಲ ಎಂಬುದು ಅವನಿಗೆ ಇನ್ನೂ ತಿಳಿದಿರಲಿಲ್ಲ.

ಬಾಣಂತನ ಮುಗಿದ ಮೇಲೆ ಲೀಲಾವತಿ ಕೂಸನ್ನೆತ್ತಿಕೊಂಡು ಅಜ್ಜನ ಆಶೀರ್ವಾದಕ್ಕೆ ಬಂದಳು. ಕಾಣೆ ಮೀನಿನ ಸಾರು ಉಂಡ ಬಾಣಂತಿಯ ಕೆನ್ನೆಯಲ್ಲಿ ಬಣ್ಣ ಬಂದಿತ್ತು. ಕೂಸು ದುಂಡಗಿತ್ತು. ಗುಲಾಬಿ ಮೊಮ್ಮಗುವಿನ ಪಾದವನ್ನು ಹುಲ್ಲಿನ ಮೇಲಿನ ನೀರಿಗೆ ಮುಟ್ಟಿಸಿ, ಸೆರಗು ಸರಿಮಾಡಿಕೊಂಡು ಹುಲ್ಲಿಗೆ ಕೈಮುಗಿದಳು.

ಚೆನ್ನವೀರ ಕೇಳಿದ. "ಯಾಕ ಮುಗೀಬೇಕು ಅಂತ ಈಗರ ಗೊತ್ತಾತೇನ್ರಿ ಯಕ್ಕಾ?"

"ಗೊತ್ತಾಗಿಯೇ ಮುಗೀಬೇಕಾ ಮಾರಾಯ್ರೆ? ಉಂಡದ್ದು ಗೊತ್ತಿತ್ತಲ್ದಾ. ಸಾಕ್."

ಗುರುಗಳು ಆ ಮಾತು ಕೇಳಿ ಕಣ್ಣು ಮುಚ್ಚಿಕೊಂಡರು.

ಮನಸ್ಸಿನ ಕಳೆಯ ಮಾತನ್ನು ಚೆನ್ನವೀರ ಮತ್ತೆ ಎತ್ತಲಿಲ್ಲ. ಗುರುಗಳೂ ಕೇಳಲಿಲ್ಲ. ಮೆಟ್ಟಿಲು ಗುಡಿಸುವುದು ಮಾತ್ರ ನಡೆಯಿತು.

ಹೀಗೆ ಒಂದು ಮುಂಜಾನೆ ಗುರುಗಳು ಸ್ನಾನ ಮುಗಿಸಿ ಮೆಟ್ಟಿಲ ಕಡೆ ತಿರುಗಿದರು. ಕಾಲು ಮುಂದೆ ಬರಲಿಲ್ಲ. ಬಗ್ಗಿ ನೋಡಿದರೆ, ಹಸಿರು ಎಳೆಗಳು ಹಿಮ್ಮಡಿಗೆ ಸುತ್ತಿಕೊಂಡಿದ್ದವು. ಅದರ ಸಂದಿಯಲ್ಲಿ ಮರಿಮೀನುಗಳು ಆಡುತ್ತಿದ್ದವು.

ಚೆನ್ನವೀರ ಪೊರಕೆ ಬಿಟ್ಟು ನೀರಿಗಿಳಿದು ಬಂದು ಹೆಗಲು ಕೊಟ್ಟ. ಗುರುಗಳು ಆ ಹೆಗಲಿನ ಮೇಲೆ ಕೈಯೂರಿ ನಿಂತರು. ಬೀಳಲಿಲ್ಲ.

ಶಿಷ್ಯನ ಕೈ ಹುಲ್ಲಿನ ಕಡೆ ಚಾಚಿ ನಿಂತಿತು.

"ಬಗ್ಗಲೇನ್ರಿ ಅಜ್ಜಾರ?"

"ಬಗ್ಗು ಮಗಾ. ಬಿಡಿಸುವುದಕ್ಕಲ್ಲ."

ಚೆನ್ನವೀರ ಬಗ್ಗಿ ಹುಲ್ಲಿಗೆ ಕೈಮುಗಿದ.

ಕಾಶಿಯಮ್ಮನವರು ಇಲ್ಲಿಗೆ ನಿಲ್ಲಿಸಿ ಅನ್ನ ಬಡಿಸಿದರು. ಓದಿದ ತಾವೂ, ಮನೆಗೆ ಯಾರಾದರೂ ಊಟಕ್ಕೆ ಬಂದ ದಿನ, ಎಲೆ ಹಾಕಿ ಸೌಟು ಹಿಡಿದಾಗ, ಈ ಕಥೆಯನ್ನು ಅವರಿಗೆ ದಾಟಿಸಿರೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.